ಸ್ವೀಡಿಷ್ ಸುಲಭವಂತೆ

ಇಂಗ್ಲಿಷ್ ಬಂದರೆ ಸ್ವೀಡಿಷ್ ನೀರು ಕುಡಿದಷ್ಟು ಸುಲಭ ಎಂಬ ಮಾತು ಈಗ ಚೆನ್ನಾಗಿ ಚಾಲ್ತಿಯಲ್ಲಿದೆ. ಸ್ಟಾಕ್‌ಹೋಮ್‌ನಲ್ಲೋ ಗೋಟೆಬೋರ್ಗ್‌ನಲ್ಲೋ ಕೆಲಸ ಸಿಕ್ಕಿ ಹೊರಟ ನಮ್ಮ ಹುಡುಗರೂ ಇದನ್ನೇ ಹೇಳಿ ಮನೆಯವರಿಗೆ ಸಮಾಧಾನ ಮಾಡುತ್ತಾರೆ: "ಆರು ತಿಂಗಳಲ್ಲಿ ಕಲಿತುಬಿಡ್ತೀನಿ ಬಿಡಮ್ಮ." ನಾಲ್ಕೈದು ವರ್ಷ ಕಳೆದು ರಜೆಗೆ ಬಂದಾಗ ವಿಚಾರಿಸಿ ನೋಡಿ. ನಮಸ್ಕಾರ, ಧನ್ಯವಾದ, ಅಂಗಡಿಯಲ್ಲಿ 'ಚೀಲ ಬೇಡ' ಎನ್ನಲು ಒಂದು ವಾಕ್ಯ. ಬಹಳ ಜನರ ಬಂಡವಾಳ ಇಷ್ಟೇ. ಇವರು ದಡ್ಡರಲ್ಲ, ಸೋಮಾರಿಗಳಂತೂ ಅಲ್ಲವೇ ಅಲ್ಲ. ಹಾಗಾದರೆ ಸುಲಭ ಎಂದವರು ಸುಳ್ಳು ಹೇಳಿದರೇ? ಅದೂ ಇಲ್ಲ. ಅವರು ಹೇಳಿದ್ದು ನಿಜವೇ. ಆದರೆ ಆ ನಿಜ ಓದುವ ಕಣ್ಣಿನವರೆಗೆ ಮಾತ್ರ ಬರುತ್ತದೆ. ಮಾತಿನ ವಿಷಯಕ್ಕೆ ಬಂದರೆ, ಇಂಗ್ಲಿಷ್ ಗೊತ್ತಿರುವುದೇ ಸ್ವೀಡಿಷ್ ಕಲಿಯಲು ದೊಡ್ಡ ಅಡ್ಡಿ ಎಂದು ನನ್ನ ವಾದ.

ಸುಲಭ ಎನ್ನುವವರು ಆಧಾರಕ್ಕೆ ತೋರಿಸುವುದು ಸಾಮಾನ್ಯವಾಗಿ ಒಂದೇ ಪಟ್ಟಿಯನ್ನು. ಅಮೆರಿಕದ ವಿದೇಶಾಂಗ ಇಲಾಖೆಗೆ ಸೇರಿದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಎಂಬ ತರಬೇತಿ ಸಂಸ್ಥೆ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿದೆ. ಯಾವ ಭಾಷೆ ಕಲಿಸಲು ಎಷ್ಟು ವಾರ ಬೇಕು ಎಂಬ ಲೆಕ್ಕವನ್ನು ಅದು ಇಟ್ಟುಕೊಂಡು ಬಂದಿದೆ. ಅದರ ಪ್ರಕಾರ ಸ್ವೀಡಿಷ್‌ಗೆ ಸುಮಾರು 24 ವಾರ, ಅಂದರೆ 600 ಗಂಟೆಯ ಪಾಠ ಸಾಕು. ಡಚ್, ನಾರ್ವೇಜಿಯನ್, ಇಟಾಲಿಯನ್ ಇರುವ ಮೊದಲ ಗುಂಪಿನಲ್ಲೇ ಸ್ವೀಡಿಷ್ ಕೂಡ ಇದೆ. ಇಂಗ್ಲಿಷ್‌ಗೆ ಹತ್ತಿರದ ನೆಂಟನಾದ ಜರ್ಮನ್‌ಗೇ ಅಲ್ಲಿ ಜಾಗ ಸಿಕ್ಕಿಲ್ಲ. ತಮಿಳು, ತೆಲುಗು, ಹಿಂದಿಗಳಿಗೆ 44 ವಾರ, ಜಪಾನಿಗೆ 88.

ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ, ಆದರೆ ಆ ತರಗತಿಯಲ್ಲಿ ಕೂತವರು ಯಾರು ಎಂಬುದನ್ನು ನೋಡಬೇಕು. ಅವರು ರಾಜತಾಂತ್ರಿಕರು. ಕಲಿಯುವುದೇ ಅವರ ಉದ್ಯೋಗ, ಅದಕ್ಕೇ ಸಂಬಳ. ಐದಾರು ಜನರ ತರಗತಿಯಲ್ಲಿ ದಿನಕ್ಕೆ ಐದು ಗಂಟೆ ಪಾಠ, ಅದರ ಮೇಲೆ ಮನೆಯಲ್ಲಿ ಮತ್ತಷ್ಟು ಓದು. ನಮ್ಮ ಸಾಫ್ಟ್‌ವೇರ್ ಹುಡುಗ ಕೆಲಸ ಮುಗಿಸಿ ವಾರಕ್ಕೆ ಎರಡು ಸಂಜೆ ಎರಡೆರಡು ಗಂಟೆ ತರಗತಿಗೆ ಹೋದರೆ ಅದೇ 600 ಗಂಟೆಗೆ 150 ವಾರ ಹಿಡಿಯುತ್ತದೆ. ಮೂರು ವರ್ಷ ಹತ್ತಿರ ಬಂತು. ಸ್ವೀಡನ್ನಿನ ಚಳಿಗಾಲದ ಕತ್ತಲಲ್ಲಿ ಮೂರು ವರ್ಷ ತಪ್ಪದೆ ಸಂಜೆ ತರಗತಿಗೆ ಹೋಗುವವನನ್ನು ನನಗೂ ತೋರಿಸಿ, ಕೈಮುಗಿಯುತ್ತೇನೆ.

ಸುಲಭ ಇರುವಲ್ಲಿ ಸುಲಭವನ್ನು ಒಪ್ಪಿಕೊಳ್ಳೋಣ. ಸ್ವೀಡಿಷ್ ಕ್ರಿಯಾಪದಕ್ಕೆ ನಾನು, ನೀನು, ಅವಳು, ಅವರು ಎಂಬ ಭೇದವೇ ಇಲ್ಲ, ಎಲ್ಲರಿಗೂ ಒಂದೇ ರೂಪ. ಬರಹದಲ್ಲಿ ಬಹುವಚನಕ್ಕೊಂದು ಬೇರೆ ರೂಪ ಇತ್ತು. 1945ರಲ್ಲಿ ಸುದ್ದಿಸಂಸ್ಥೆ ಟಿಟಿ ಅದನ್ನು ಕೈಬಿಟ್ಟ ಮೇಲೆ ಅದೂ ಮರೆಯಾಗುತ್ತ ಬಂತು. ಗೌರವದ ಬಹುವಚನದ ಕಾಟವೂ ಹೆಚ್ಚಿಲ್ಲ. 1967ರಲ್ಲಿ ಬ್ರೂರ್ ರೆಕ್ಸೆದ್ ಎಂಬ ವೈದ್ಯಕೀಯ ಇಲಾಖೆಯ ಮುಖ್ಯಸ್ಥರು ಸಿಬ್ಬಂದಿಯನ್ನೆಲ್ಲ 'ನೀನು' ಎಂದೇ ಕರೆಯುತ್ತೇನೆ ಎಂದು ಸಾರಿದರು. ಆಗಲೇ ಬೀಸುತ್ತಿದ್ದ ಗಾಳಿಗೆ ಅದು ಮೊಹರು ಒತ್ತಿದಂತಾಯಿತು. ಮೇಲಧಿಕಾರಿಯನ್ನು ಮೊದಲ ದಿನವೇ ಏಕವಚನದಲ್ಲಿ ಮಾತಾಡಿಸುವಾಗ ನಮ್ಮವರ ನಾಲಿಗೆ ತಡವರಿಸುತ್ತದೆ, ಅದು ವ್ಯಾಕರಣದ ಕಷ್ಟವಲ್ಲ.

ಪದಸಂಪತ್ತಿನ ಕಥೆ ಇನ್ನೂ ಹಳೆಯದು. ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ನೆಲೆ ನಿಂತ ವೈಕಿಂಗರು ಇಂಗ್ಲಿಷ್‌ಗೆ ಎಗ್, ನೈಫ್, ಸ್ಕೈ, ಲಾ, ಹಸ್ಬೆಂಡ್ ಕೊಟ್ಟರು. ಕೊನೆಗೆ 'ದೇ' ಎಂಬ ಸರ್ವನಾಮವನ್ನೂ ಕೊಟ್ಟರು. ತಮಾಷೆಯೆಂದರೆ ಇಂಗ್ಲಿಷಿನ ವಿಂಡೋ ಕೂಡ ಅವರದೇ, ಆದರೆ ಇವತ್ತಿನ ಸ್ವೀಡರು ಕಿಟಕಿಗೆ 'ಫನ್‌ಸ್ತೆರ್' ಎನ್ನುತ್ತಾರೆ. ಅದು ಜರ್ಮನ್ ವರ್ತಕರ ಕಾಲದಲ್ಲಿ ಬಂದ ಎರವಲು. ಹೀಗೆ ನೆಂಟಸ್ತನ ಇರುವುದರಿಂದ ಇಂಗ್ಲಿಷ್ ಬಲ್ಲವನು ಸ್ವೀಡಿಷ್ ಪತ್ರಿಕೆಯ ತಲೆಬರಹಗಳನ್ನು ಎರಡು ಮೂರು ತಿಂಗಳಲ್ಲಿ ತಡಕಾಡಿಕೊಂಡು ಓದಬಲ್ಲ. ಆಗಲೇ ಅವನಿಗೆ 'ಬಂತು ಬಿಡು' ಅನ್ನಿಸುವುದು.

ಆಮೇಲೆ ಯಾರೋ ಬಾಯಿ ತೆರೆಯುತ್ತಾರೆ. ನಕ್ಷೆಯಲ್ಲಿ ಗೋಟೆಬೋರ್ಗ್ ಎಂದಿದ್ದ ಊರು 'ಯೋತೆಬೊರಿ' ಆಗಿ ಕಿವಿಗೆ ಬೀಳುತ್ತದೆ. ಇಂಗ್ಲಿಷ್‌ನವನ ಪುಸ್ತಕದಲ್ಲಿ ಇದ್ದ 'ಬಾರ್ನ್', ಅಂದರೆ ಮಗು, ಸ್ಟಾಕ್‌ಹೋಮ್‌ನ ತಾಯಿಯ ಬಾಯಲ್ಲಿ 'ಬಾಣ್'. ಹೌದು, ನಮ್ಮ ಣಕಾರವೇ. ರಕಾರದ ಪಕ್ಕದಲ್ಲಿ ತ, ದ, ನ, ಸ, ಲ ಬಂದರೆ ಎರಡೂ ಕೂಡಿ ಟ, ಡ, ಣ, ಷ, ಳ ಆಗಿಬಿಡುತ್ತವೆ. ದಕ್ಷಿಣದ ಸ್ಕೋನೆ ಪ್ರಾಂತ್ಯ ಬಿಟ್ಟರೆ ದೇಶದ ಬಹುಭಾಗದಲ್ಲಿ ಹೀಗೇ. 'ಫಾತ್' ಎಂದರೆ ಊಟದ ತಾಟು, 'ಫಾಟ್' ಎಂದರೆ ವೇಗ. 'ಬೂದ್' ಎಂದರೆ ಗುಡಿಸಲಿನಂಥ ಅಂಗಡಿ, 'ಬೂಡ್' ಎಂದರೆ ಮೇಜು. ಲಂಡನ್ನಿನಿಂದ ಬಂದವನಿಗೆ ಈ ಎರಡರ ನಡುವೆ ಗೆರೆ ಎಳೆಯಲು ಕಿವಿ ಹೊಸದಾಗಿ ಪಳಗಬೇಕು. ಕತ್ತು, ಕಟ್ಟು ಎರಡನ್ನೂ ಹುಟ್ಟಿನಿಂದ ಬೇರೆ ಬೇರೆಯಾಗಿ ಕೇಳಿಸಿಕೊಂಡವರಿಗೆ ಇದು ಸಮಸ್ಯೆಯೇ ಅಲ್ಲ.

ಇನ್ನೊಂದು ನೋಡಿ. ಸ್ವೀಡಿಷ್‌ನಲ್ಲಿ 'ಮಾತ' ಎಂದರೆ ಉಣ್ಣಿಸು, 'ಮತ್ತ' ಎಂದರೆ ರತ್ನಗಂಬಳಿ. ಸ್ವರ ಉದ್ದವಾದರೆ ವ್ಯಂಜನ ಗಿಡ್ಡ, ಸ್ವರ ಗಿಡ್ಡವಾದರೆ ವ್ಯಂಜನ ಒತ್ತು. ಇಂಗ್ಲಿಷ್‌ನಲ್ಲಿ ಒತ್ತಕ್ಷರದ ಈ ಲೆಕ್ಕವೇ ಇಲ್ಲ. ಕತೆಗೂ ಕತ್ತೆಗೂ ವ್ಯತ್ಯಾಸ ತಿಳಿದ ನಮಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ.

ವ್ಯಾಕರಣದಲ್ಲೂ ಅಷ್ಟೆ. 'ಅವನು ತನ್ನ ಹೆಂಡತಿಯ ಜೊತೆ ಮಾತಾಡಿದ' ಎನ್ನುವುದಕ್ಕೂ 'ಅವನು ಅವನ ಹೆಂಡತಿಯ ಜೊತೆ ಮಾತಾಡಿದ' ಎನ್ನುವುದಕ್ಕೂ ಸ್ವೀಡಿಷ್ ಖಡಾಖಂಡಿತವಾಗಿ ಭೇದ ಮಾಡುತ್ತದೆ. ಮೊದಲನೆಯದಕ್ಕೆ 'ಸಿನ್', ಎರಡನೆಯದಕ್ಕೆ 'ಹನ್ಸ್'. ಇಂಗ್ಲಿಷ್‌ನವನು ವರ್ಷಗಟ್ಟಲೆ ಎರಡಕ್ಕೂ 'ಹನ್ಸ್' ಹಾಕಿ ಪಕ್ಕದ ಮನೆಯವನ ಸಂಸಾರದಲ್ಲಿ ಕಲಹ ತರುತ್ತಿರುತ್ತಾನೆ. ನಮಗೆ 'ತನ್ನ' ಇದೆ. ಅವನ ಭಾಷೆಯಲ್ಲಿ 'ಅಂಕಲ್' ಒಬ್ಬನೇ. ಸ್ವೀಡಿಷ್‌ನಲ್ಲಿ 'ಮೂರ್‌ಬ್ರೂರ್' ಸೋದರಮಾವ, 'ಫಾರ್‌ಬ್ರೂರ್' ಅಪ್ಪನ ಅಣ್ಣತಮ್ಮ. 'ಫಸ್ತೆರ್' ಸೋದರತ್ತೆ, 'ಮುಸ್ತೆರ್' ಅಮ್ಮನ ಅಕ್ಕತಂಗಿ. ಇವೆಲ್ಲ ಕನ್ನಡದ ಮನೆಯಲ್ಲಿ ಮೂರು ವರ್ಷದ ಮಗುವಿಗೆ ಗೊತ್ತಿರುವ ವಿಂಗಡಣೆ.

ಇದರಿಂದ ಸ್ವೀಡಿಷ್ ಕನ್ನಡಿಗರಿಗೆ ಸುಲಭ ಎಂದು ಹೊಸ ಡಂಗುರ ಹೊಡೆಯುವ ಆಸೆ ನನಗಿಲ್ಲ. ಕ್ರಿಯಾಪದವನ್ನು ಕೊನೆಗಿಡುವ ನಮಗೆ, ಅದನ್ನು ಎರಡನೆಯ ಸ್ಥಾನದಲ್ಲೇ ಕೂರಿಸಬೇಕು ಎಂಬ ಅವರ ನಿಯಮ ಇಂಗ್ಲಿಷ್‌ನವನಿಗಿಂತ ಹೆಚ್ಚು ಕಿರಿಕಿರಿ. ಇವತ್ತು ಎಂದು ವಾಕ್ಯ ಶುರು ಮಾಡಿದರೆ 'ಇವತ್ತು ತಿನ್ನುತ್ತೇನೆ ನಾನು ಮೀನು' ಎಂದೇ ಹೇಳಬೇಕು. 'ಆಂದೆನ್' ಎಂಬ ಪದ ಒಂದು ರಾಗದಲ್ಲಿ ಬಾತುಕೋಳಿ, ಇನ್ನೊಂದು ರಾಗದಲ್ಲಿ ಪ್ರೇತ. ಅದು ಅವರಿಗೂ ನಮಗೂ ಸಮಪಾಲಿನ ಕಷ್ಟ. ಏಳು ಎಂಬ ಸಂಖ್ಯೆಯನ್ನು ಹೇಳುವಾಗ ಗಂಟಲಿಂದ ಊದಿಕೊಂಡು ಬರುವ ಆ ಸದ್ದನ್ನು ಕನ್ನಡದಲ್ಲಿ ಬರೆದು ತೋರಿಸುವ ಸಾಹಸ ನಾನಂತೂ ಮಾಡಲಾರೆ. ಹೇಳುತ್ತಿರುವುದು ಇಷ್ಟೇ: ಭಾಷೆಗಳ ನಡುವಿನ ದೂರ ಅಳೆಯಲು ಅಮೆರಿಕನ್ನರು ತಮಗಾಗಿ ಮಾಡಿಕೊಂಡ ಅಳತೆಕೋಲನ್ನು ಮಂಡ್ಯದ ಹುಡುಗ ತನ್ನದೆಂದು ಹಿಡಿದು ಹೋಗುತ್ತಾನೆ. ಅಲ್ಲಿ ಹೋಗಿ ಪ್ರತಿ ಸ್ವೀಡಿಷ್ ವಾಕ್ಯವನ್ನೂ ಮೊದಲು ಇಂಗ್ಲಿಷ್‌ಗೆ ತಿರುಗಿಸಿ ಅರ್ಥ ಮಾಡಿಕೊಳ್ಳುತ್ತಾನೆ. ಕನ್ನಡದಿಂದ ನೇರ ದಾರಿ ಇರುವಲ್ಲೂ ಸುತ್ತಿಕೊಂಡು ಹೋಗುತ್ತಾನೆ.

ಇವೆಲ್ಲ ಚಿಕ್ಕ ಅಡ್ಡಿಗಳು. ದೊಡ್ಡದು ಸ್ವೀಡರ ಸೌಜನ್ಯ.

ಸ್ವೀಡನ್ನಿನ ಶಾಲೆಗಳಲ್ಲಿ 1946ರವರೆಗೆ ಮೊದಲ ವಿದೇಶಿ ಭಾಷೆ ಜರ್ಮನ್ ಆಗಿತ್ತು. ಯುದ್ಧ ಮುಗಿದ ಮೇಲೆ ಆ ಜಾಗಕ್ಕೆ ಇಂಗ್ಲಿಷ್ ಬಂತು. 1962ರಲ್ಲಿ ಒಂಬತ್ತು ವರ್ಷದ ಸಮಾನ ಶಾಲೆ ಜಾರಿಯಾದಾಗ ಎಲ್ಲ ಮಕ್ಕಳಿಗೂ ಕಡ್ಡಾಯವಾಯಿತು. ಟಿವಿಯಲ್ಲಿ ಇಂಗ್ಲಿಷ್ ಧಾರಾವಾಹಿಗಳಿಗೆ ಡಬ್ಬಿಂಗ್ ಮಾಡುವ ಪದ್ಧತಿ ಅಲ್ಲಿಲ್ಲ, ಕೆಳಗೆ ಬರಹ ಹಾಕಿ ಹಾಗೇ ತೋರಿಸುತ್ತಾರೆ. 1988ರಲ್ಲಿ ಸ್ವೀಡನ್ನಿನ ಅಸೆಯಾ ಕಂಪನಿ ಸ್ವಿಸ್ ಕಂಪನಿಯೊಂದಿಗೆ ಸೇರಿ ಎಬಿಬಿ ಆದಾಗ ಕಂಪನಿಯ ಭಾಷೆ ಸ್ವೀಡಿಷೂ ಅಲ್ಲ ಜರ್ಮನ್ನೂ ಅಲ್ಲ, ಇಂಗ್ಲಿಷ್ ಎಂದಾಯಿತು. ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಹೆಚ್ಚಾಗಿ ಬರುವುದು ಇಂಗ್ಲಿಷ್‌ನಲ್ಲೇ. ಸ್ವೀಡಿಷ್ ಈ ದೇಶದ ಮುಖ್ಯ ಭಾಷೆ ಎಂದು ಕಾನೂನಿನಲ್ಲಿ ಬರೆಯುವ ಅಗತ್ಯ ಬೀಳುವ ಮಟ್ಟಕ್ಕೆ ಮಾತು ಬಂತು. 2005ರಲ್ಲಿ ಅಂಥದೊಂದು ಪ್ರಸ್ತಾಪ ಸಂಸತ್ತಿನಲ್ಲಿ ಎರಡೇ ಮತಗಳಿಂದ ಬಿದ್ದುಹೋಯಿತು, 2009ರಲ್ಲಿ ಭಾಷಾ ಕಾಯ್ದೆ ಬಂತು.

ಇಂಥ ದೇಶದಲ್ಲಿ ನೀವು ಬೇಕರಿಯ ಕೌಂಟರಿನ ಮುಂದೆ ನಿಂತು, ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿಕೊಂಡ ವಾಕ್ಯ ಹೇಳುತ್ತೀರಿ. ನಾಮಪದಕ್ಕೆ 'ಎನ್' ಹಾಕಬೇಕೋ 'ಎತ್' ಹಾಕಬೇಕೋ ಎಂದು ಅರ್ಧ ಕ್ಷಣ ತಡೆಯುತ್ತೀರಿ. ಆ ಅರ್ಧ ಕ್ಷಣ ಸಾಕು. ಎದುರಿಗಿದ್ದ ಹುಡುಗಿ ನಗುತ್ತ, ನಿಮಗಿಂತ ಚೆಂದದ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾಳೆ. ಅವಮಾನ ಮಾಡಬೇಕೆಂಬ ಉದ್ದೇಶ ಅವಳಿಗೆ ಎಳ್ಳಷ್ಟೂ ಇಲ್ಲ, ನಿಮಗೆ ಕಷ್ಟವಾಗದಿರಲಿ ಎಂಬ ಕಾಳಜಿ. ಕಚೇರಿಯಲ್ಲಿ ಹನ್ನೊಂದು ಸ್ವೀಡರ ನಡುವೆ ನೀವೊಬ್ಬರು ಕೂತರೆ ಸಭೆ ಪೂರ್ತಿ ಇಂಗ್ಲಿಷ್‌ಗೆ ತಿರುಗುತ್ತದೆ. 'ನಾನು ಕಲೀತಿದ್ದೀನಿ, ಸ್ವೀಡಿಷ್‌ನಲ್ಲೇ ಮಾತಾಡಿ' ಎಂದು ಕೇಳಿಕೊಂಡರೆ ಸಂತೋಷದಿಂದ ಒಪ್ಪುತ್ತಾರೆ. ಕಾಫಿ ಮುಗಿಯುವ ಮೊದಲೇ ಮತ್ತೆ ಇಂಗ್ಲಿಷ್. ಜಪಾನಿನ ಹಳ್ಳಿಯಲ್ಲಿ ಸಿಕ್ಕಿಹಾಕಿಕೊಂಡವನಿಗೆ 88 ವಾರದ ಭಾಷೆಯಾದರೂ ಅದನ್ನು ಬಳಸದೆ ಗತಿಯಿಲ್ಲ. ಇಲ್ಲಿ 24 ವಾರದ ಭಾಷೆಯನ್ನು ಬಳಸಲು ದಿನವೂ ಗೋಗರೆಯಬೇಕು.

ಹಾಗಾದರೆ ಕಡ್ಡಾಯ ಮಾಡಿಬಿಟ್ಟರೆ ಸರಿಹೋಗುತ್ತದೆ ಎನ್ನುವವರು ಪಕ್ಕದ ಫಿನ್‌ಲೆಂಡನ್ನು ನೋಡಲಿ. ಅಲ್ಲಿ ಸ್ವೀಡಿಷ್ ಎರಡನೆಯ ರಾಷ್ಟ್ರಭಾಷೆ. ನೂರಕ್ಕೆ ಐದು ಜನರ ಮನೆಮಾತು. ಫಿನ್ನಿಷ್ ಮಕ್ಕಳೆಲ್ಲ ಶಾಲೆಯಲ್ಲಿ ಅದನ್ನು ಓದಲೇಬೇಕು. 'ಕಡ್ಡಾಯ ಸ್ವೀಡಿಷ್' ಎಂಬುದಕ್ಕೆ ಫಿನ್ನಿಷ್‌ನಲ್ಲಿ ಒಂದು ಬೈಗುಳದಂಥ ಪದವೇ ಹುಟ್ಟಿಕೊಂಡಿದೆ. ವರ್ಷಗಟ್ಟಲೆ ಓದಿ ಪರೀಕ್ಷೆ ಪಾಸಾದವರಲ್ಲಿ ಬಹಳ ಮಂದಿಗೆ ಮಾತಾಡಲು ಬಾಯಿ ಬರುವುದಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಹೆಲ್ಸಿಂಕಿಯ ಅಂಗಡಿಯಲ್ಲಿ ಸ್ವೀಡಿಷ್ ಮನೆಮಾತಿನವರೇ ಫಿನ್ನಿಷ್‌ಗೆ ಹೊರಳಿಕೊಳ್ಳುತ್ತಾರೆ.

ಬೆಂಗಳೂರಿನವರಿಗೆ ಇದು ಎಲ್ಲೋ ಕೇಳಿದಂತಿರಬೇಕು. 'ಕನ್ನಡ ಬಹಳ ಸುಲಭ, ಮೂವತ್ತು ದಿನದಲ್ಲಿ ಕಲಿಯಿರಿ' ಎಂದು ನಾವು ಹೊರಗಿನವರಿಗೆ ಪುಸ್ತಕ ಕೊಡುತ್ತೇವೆ, ಫಲಕ ಹಾಕುತ್ತೇವೆ. ಅವರು ಒಂದು ದಿನ ಧೈರ್ಯ ಮಾಡಿ 'ಟೊಮೇಟೊ ಎಷ್ಟು' ಎಂದು ಕೇಳಿದರೆ, ಉಚ್ಚಾರ ಗುರುತಿಸಿದ ಅಂಗಡಿಯವರು ಹಿಂದಿಯಲ್ಲೇ ಬೆಲೆ ಹೇಳುತ್ತಾರೆ. ಸ್ಟಾಕ್‌ಹೋಮ್‌ನ ಬೇಕರಿ ಹುಡುಗಿಯದೂ ಇವರದೂ ಒಂದೇ ಸೌಜನ್ಯ. ಕಲಿಯದವರ ಮೇಲೆ ಸಿಟ್ಟಾಗುವ ನಮ್ಮ ಮಿತ್ರರು ಈ ಉತ್ತರ ಕೊಡುವ ಬಾಯಿಯ ಬಗ್ಗೆಯೂ ಸ್ವಲ್ಪ ಯೋಚಿಸಬಹುದು ಎಂದು ವಿನಯದಿಂದಲೇ ಹೇಳುತ್ತೇನೆ.

ಸ್ವೀಡನ್ ಸರ್ಕಾರ ವಲಸಿಗರಿಗೆ ಪುಕ್ಕಟೆಯಾಗಿ ಭಾಷೆ ಕಲಿಸುತ್ತದೆ. ಎಸ್‌ಎಫ್‌ಐ ಎಂಬ ಈ ತರಗತಿಗಳು 1965ರಿಂದ ನಡೆಯುತ್ತಿವೆ. ಓದಿದವರಿಗೆ ಬೇಗ ಮುಗಿಯುವ ದಾರಿ, ಶಾಲೆ ಕಾಣದವರಿಗೆ ನಿಧಾನದ ದಾರಿ ಎಂದು ಬೇರೆ ಬೇರೆ ಹಂತಗಳೂ ಇವೆ. ನಮ್ಮ ಇಂಜಿನಿಯರ್ ವ್ಯಾಕರಣದ ಅಭ್ಯಾಸಗಳನ್ನು ಎಲ್ಲರಿಗಿಂತ ಮೊದಲು ಮುಗಿಸಿ, ಪರೀಕ್ಷೆಯಲ್ಲೂ ಮುಂದಿರುತ್ತಾನೆ. ಬಿಡುವಿನಲ್ಲಿ ಕಾಫಿಗೆ ಎದ್ದಾಗ ಅವನು ಹೋಗಿ ಕೂರುವುದು ಇಂಗ್ಲಿಷ್ ಬಲ್ಲವರ ಮೇಜಿಗೆ. ಪಕ್ಕದ ಮೇಜಿನಲ್ಲಿ ಅರಬ್ಬಿಯ ಹೆಂಗಸು, ಸೊಮಾಲಿಯ ಗಂಡಸು, ಉಕ್ರೇನಿನ ಅಜ್ಜಿ. ಇವರಿಗೆ ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳಲು ಇರುವ ಒಂದೇ ಭಾಷೆ, ಮೂವರಿಗೂ ಅರೆಬರೆ ಬರುವ ಸ್ವೀಡಿಷ್. 'ಸಿನ್' ಇರಬೇಕಾದಲ್ಲಿ 'ಹನ್ಸ್' ಬಂದರೂ ಯಾರಿಗೂ ಚಿಂತೆಯಿಲ್ಲ; ಬಸ್ಸು, ಬಾಡಿಗೆ, ಮೊಮ್ಮಗಳ ಜ್ವರ ಎಲ್ಲವೂ ಅದರಲ್ಲೇ. ಇಂಜಿನಿಯರ್‌ಗೆ ನಾನು ಹೇಳುವುದು ಒಂದೇ: ಕಪ್ಪು ಹಿಡಿದುಕೊಂಡು ಆ ಮೇಜಿಗೆ ಹೋಗು ಮಾರಾಯ.