ಓಲೆ ಹೋದದ್ದು ಯಾವ ಸಾಲಕ್ಕೆ?

ಹಾಸ್ಟೆಲ್ ಗೆಳೆಯರೇ,

ದೊಮ್ಮಲೂರಿನ ಒಂದು ಮನೆಯ ಮಾತು ಹೇಳುತ್ತೇವೆ. ಹೆಸರು ಬೇಡ, ನಿಮ್ಮ ಮನೆಯ ಹೆಸರೇ ಹಾಕಿಕೊಳ್ಳಿ. ಅಪ್ಪ ಪೇಂಟಿಂಗ್ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡ. ಅವ್ವ ಇಂದಿರಾನಗರದಲ್ಲಿ ನಾಲ್ಕು ಮನೆ ಪಾತ್ರೆ ತಿಕ್ಕುತ್ತಾಳೆ. ಆಸ್ಪತ್ರೆಗೆಂದು 20,000 ಸಾಲ. ತಿಂಗಳಿಗೆ ನೂರಕ್ಕೆ ಹತ್ತು ರೂಪಾಯಿ ಬಡ್ಡಿ. ವರ್ಷಕ್ಕೆ 24,000 ಕಟ್ಟಿದರೂ ಅಸಲು ಹಾಗೇ ಕೂತಿದೆ.

ಆಗ ಬಂದ ಇನ್ನೊಬ್ಬ. ಹೆಗಲ ಮೇಲೆ ನೀಲಿ ಶಾಲು, ಬಾಯಲ್ಲಿ ಜೈ ಭೀಮ್. "ಅಕ್ಕಾ, ನಿಗಮದಿಂದ ಎರಡು ಲಕ್ಷ ಮಾಡಿಸ್ತೀನಿ, ಬಡ್ಡಿಯೋನ್ದು ತೀರಿಸ್ಬಿಡು. ಫೈಲ್ ಖರ್ಚು ಹದಿನೈದು ಸಾವಿರ." ಅವ್ವ ಓಲೆ ಅಡವಿಟ್ಟು ಕೊಟ್ಟಳು. ಶಾಲಿನವನು ಮತ್ತೆ ಕಾಣಲಿಲ್ಲ. ಠಾಣೆಗೆ ಹೋದರೆ, "ಯಾಕಮ್ಮ ದುರಾಸೆ ಪಟ್ಟೆ?"

ದುರಾಸೆಯಂತೆ! ಜಾಮೀನು ಇಲ್ಲವೆಂದು ಬ್ಯಾಂಕು ಬಾಗಿಲು ಹಾಕುತ್ತದೆ, ಬಡ್ಡಿಯವನು ಬಾಗಿಲು ತಟ್ಟುತ್ತಾನೆ. ಮಧ್ಯೆ ಸಿಕ್ಕಿದವಳು ಹುಲ್ಲುಕಡ್ಡಿ ಹಿಡಿದರೆ ಅದು ದುರಾಸೆಯೇ?

ಪಕ್ಕದ ಶಿವಾಜಿನಗರ ನೋಡಿ. 2019ರ ಜೂನ್‌ನಲ್ಲಿ ಐಎಂಎ ಕಂಪನಿ ಬಾಗಿಲು ಹಾಕಿತು, ಮಾಲೀಕ ದುಬೈಗೆ ಓಡಿದ, ಜುಲೈನಲ್ಲಿ ದೆಹಲಿಯಲ್ಲಿ ಸಿಕ್ಕ. ದುಡ್ಡು ಇಟ್ಟಿದ್ದವರು ಸಾವಿರಾರು ಜನ, ಬಹುಪಾಲು ಮುಸ್ಲಿಮರು. ಬಡ್ಡಿ ಪಾಪವೆಂದು ನಂಬಿದವರಿಗೆ "ಇದು ಹಲಾಲ್ ಲಾಭ" ಎಂದು ಹೇಳಲಾಗಿತ್ತು. ಅಲ್ಲಿ ಧರ್ಮದ ಮಾತು, ಇಲ್ಲಿ ನೀಲಿ ಶಾಲು. ಮೋಸಗಾರ ನಮ್ಮವನಾಗಿಯೇ ಬರುತ್ತಾನೆ.

ಈಗ ಒಂದು ಮಾತು ಗಟ್ಟಿಯಾಗಿ ಕೇಳಿ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆಮೇಲೆ ಅದು ಕಾಯ್ದೆಯಾಯಿತು. ಲೈಸೆನ್ಸು, ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆ ಎಂದು ಅದರಲ್ಲಿದೆ. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು. ದೊಮ್ಮಲೂರಿನ ಬಡ್ಡಿಯವನಿಗೆ ಯಾವ ಲೈಸೆನ್ಸೂ ಇಲ್ಲ. ಅಂದರೆ ಅವ್ವನ ಓಲೆ ಹೋದದ್ದು ಕಾನೂನು ತೀರಿಸಿದ ಸಾಲಕ್ಕೆ!

ಇದನ್ನು ಆ ಮನೆಗೆ ಓದಿ ಹೇಳಬೇಕಿದ್ದವರು ಯಾರು? ಆ ಮನೆಯ ಹುಡುಗಿ ಹಾಸ್ಟೆಲಿನಲ್ಲಿದ್ದು ಬಿಕಾಂ ಓದುತ್ತಿದ್ದಾಳೆ. ಅವಳೊಬ್ಬಳ ತಪ್ಪಲ್ಲ, ನಮ್ಮೆಲ್ಲರದು. ಸ್ಕಾಲರ್‌ಶಿಪ್ಪಿಗೆ ಧರಣಿ ಕೂತೆವು, ಸರಿಯೇ. ಅವ್ವ ಹೆಬ್ಬೆಟ್ಟು ಒತ್ತುವಾಗ ಎಲ್ಲಿದ್ದೆವು?

ಭಾನುವಾರ ಒಂದು ನೋಟ್‌ಬುಕ್ ಹಿಡಿದು ಕೇರಿಗೆ ಹೋಗೋಣ. ಸಾಲ ಕೊಟ್ಟವನು ಯಾರು, ಎಷ್ಟು, ಬಡ್ಡಿ ಎಷ್ಟು, ಲೈಸೆನ್ಸ್ ನಂಬರೇನು, ಬರೆದುಕೊಳ್ಳೋಣ. ಫೈಲಿಗೆ ದುಡ್ಡು ಕೇಳುವವನ ಹತ್ತಿರ ರಸೀದಿ ಕೇಳೋಣ. ಠಾಣೆಗೆ ಅವ್ವಂದಿರ ಜೊತೆ ಹತ್ತು ಜನ ಹೋಗೋಣ. ಕಮಿಷನ್ನಿಗಾಗಿ ನಮ್ಮವರ ಮನೆಗೇ ಏಜೆಂಟರಾಗಿ ಹೋಗುವವರು ಈ ಪತ್ರಿಕೆ ಕೊಳ್ಳುವುದು ಬೇಡ.

ನೀಲಿ ಶಾಲು ನಮ್ಮದು. ಕಳ್ಳನ ಹೆಗಲಿಂದ ಅದನ್ನು ಕಿತ್ತುಕೊಳ್ಳಬೇಕಾದವರೂ ನಾವೇ.

ಜೈ ಭೀಮ್.