ಆರು ಸಾವಿರ ಕೋಟಿ ಕೊಟ್ಟು ಕೊಂಡ ಬೀಗ

'ಒಂದು ದೇಶ, ಒಂದು ಚಂದಾ' ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಾಗ ಎದ್ದ ಜಯಘೋಷ ಇನ್ನೂ ಅಡಗಿಲ್ಲ. ಮೂವತ್ತು ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಅಂತರಜಾಲದ ಮೂಲಕ ಒದಗಿಸುವ ಈ ಏರ್ಪಾಟಿಗೆ 2025ರಿಂದ 2027ರವರೆಗಿನ ಮೂರು ವರ್ಷಕ್ಕೆ ಎತ್ತಿಟ್ಟ ಹಣ ಆರು ಸಾವಿರ ಕೋಟಿ ರೂಪಾಯಿ. ಈ ಮೊತ್ತವನ್ನು ಎದೆಯುಬ್ಬಿಸಿ ಹೇಳುವವರು ಅದು ಯಾರ ತಿಜೋರಿ ಸೇರುತ್ತದೆಂಬುದನ್ನು ಮಾತ್ರ ಬಾಯಿತಪ್ಪಿಯೂ ಹೇಳುವುದಿಲ್ಲ.

ಈ ದೇಶದಲ್ಲಿ ಸಂಶೋಧನೆಯ ಖರ್ಚನ್ನು ಬಹುಮಟ್ಟಿಗೆ ಹೊರುವವನು ತೆರಿಗೆದಾರ. ಪ್ರಬಂಧ ಬರೆದ ವಿದ್ವಾಂಸನಿಗೆ ಪ್ರಕಾಶಕನಿಂದ ಚಿಕ್ಕಾಸಿನ ಸಂಭಾವನೆಯಿಲ್ಲ. ಅಚ್ಚಿಗೆ ಮುನ್ನ ಅದರ ತಪ್ಪುಒಪ್ಪುಗಳನ್ನು ತೂಗಿನೋಡುವ ಅದೇ ಕ್ಷೇತ್ರದ ಪರಿಣತರೂ ಸಾಮಾನ್ಯವಾಗಿ ಬಿಟ್ಟಿ ದುಡಿಯುತ್ತಾರೆ. ಹೀಗೆ ಪುಕ್ಕಟೆ ಕೈಸೇರಿದ ಸರಕನ್ನು ಎಲ್ಸೆವಿಯರ್, ವೈಲಿ, ಸ್ಪ್ರಿಂಗರ್ ನೇಚರ್‌ನಂಥ ಕಂಪನಿಗಳು ಅದೇ ತೆರಿಗೆದಾರನ ಆರು ಸಾವಿರ ಕೋಟಿ ಪಡೆದು ಓದಲು ಕೊಡುವುದಕ್ಕೆ ಜ್ಞಾನದ ಪ್ರಜಾಪ್ರಭುತ್ವವೆಂಬ ಹೆಸರಂತೆ. ಜಯನಗರದಲ್ಲಿ ಮನೆಯನ್ನು ಲೀಸ್‌ಗೆ ಹಾಕಿಕೊಂಡವರಿಗೆ ಅವಧಿ ಮುಗಿದ ಮೇಲೆ ಇಟ್ಟ ದುಡ್ಡಾದರೂ ವಾಪಸು ಬರುತ್ತದೆ. ಇಲ್ಲಿ ಅದೂ ಇಲ್ಲ, 2027 ಮುಗಿಯುತ್ತಲೇ ಹೊಸ ಚೌಕಾಸಿ.

ಇಷ್ಟು ತೆತ್ತ ಮೇಲೂ 'ಒಂದು ದೇಶ'ದೊಳಗೆ ಯಾರಿದ್ದಾರೆಂಬುದನ್ನು ದಕ್ಷಿಣ ಬೆಂಗಳೂರಿನಲ್ಲಿ ನಿಂತು ನೋಡಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ಮತ್ತು ಬನ್ನೇರುಘಟ್ಟ ರಸ್ತೆಯ ಐಐಎಂ ಕೇಂದ್ರದ ಸಂಸ್ಥೆಗಳಾದ್ದರಿಂದ ಯೋಜನೆಯ ವ್ಯಾಪ್ತಿಗೆ ಬರುತ್ತವೆ. ಬನಶಂಕರಿ, ಕುಮಾರಸ್ವಾಮಿ ಲೇಔಟ್, ಜೆ.ಪಿ. ನಗರಗಳ ಖಾಸಗಿ ಕಾಲೇಜುಗಳಿಗೆ ಮೊದಲ ಹಂತದಲ್ಲಿ ಪ್ರವೇಶವಿಲ್ಲ. ಅಲ್ಲಿನ ವಿದ್ಯಾರ್ಥಿ ಗೂಗಲ್ ಸ್ಕಾಲರ್‌ನಲ್ಲಿ, ಅಂದರೆ ವಿದ್ವತ್ ಬರಹಗಳನ್ನಷ್ಟೇ ಹುಡುಕಿಕೊಡುವ ಶೋಧಯಂತ್ರದಲ್ಲಿ, ಬೇಕಾದ ಪ್ರಬಂಧವನ್ನು ಕ್ಷಣದಲ್ಲಿ ಪತ್ತೆಹಚ್ಚುತ್ತಾನೆ. ಶೀರ್ಷಿಕೆ, ಲೇಖಕರ ಹೆಸರು, ಹತ್ತು ಸಾಲಿನ ಸಾರಾಂಶ ಎಲ್ಲವೂ ಕಾಣುತ್ತವೆ. ಪೂರ್ಣಪಾಠಕ್ಕೆಂದು ಒತ್ತಿದರೆ ಒಂದೇ ಪ್ರಬಂಧಕ್ಕೆ ಮೂವತ್ತು-ನಲವತ್ತು ಡಾಲರ್ ಕೇಳುವ ಪುಟ ತೆರೆದುಕೊಳ್ಳುತ್ತದೆ. ಸಿರಿವಂತ ವಿಶ್ವವಿದ್ಯಾಲಯಗಳು ಹೇಗೋ ಕೊಂಡುಕೊಳ್ಳುತ್ತವೆ, ಸಣ್ಣ ಕಾಲೇಜುಗಳ ಗ್ರಂಥಪಾಲಕರು ಕೈಚೆಲ್ಲುತ್ತಾರೆ. ದೇಶದ ಕಾಲೇಜುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಖಾಸಗಿ ಆಡಳಿತದವು ಎಂಬುದು ಯೋಜನೆ ರೂಪಿಸಿದವರಿಗೆ ತಿಳಿಯದ ಸಂಗತಿಯೇನಲ್ಲ.

ಇದಕ್ಕಿಂತ ದೊಡ್ಡ ವಿಡಂಬನೆ ಬೇರೆಯಿದೆ. ಕೇಂದ್ರ ಶಿಕ್ಷಣ ಸಚಿವಾಲಯದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್ ಖಾಸಗಿ ಸಂಸ್ಥೆಗಳ ಸಂಶೋಧನೆಯನ್ನೂ ಅಳೆಯುತ್ತದೆ. ಅಳೆಯಲು ಬಳಸುವುದು ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಪ್ರಬಂಧಸೂಚಿಗಳನ್ನು, ಅವುಗಳಲ್ಲಿ ಮೊದಲನೆಯದು ಎಲ್ಸೆವಿಯರ್‌ನ ಸ್ವಂತ ಸ್ವತ್ತು. ಓದಲು ಬಿಡದವರೇ ಬರೆದದ್ದೆಷ್ಟು ಎಂದು ಅಂಕ ಹಾಕುವ ಈ ನ್ಯಾಯವನ್ನು ಯಾವ ತರ್ಕಶಾಸ್ತ್ರ ಒಪ್ಪೀತೋ! ಈ ಅಳತೆಗೋಲಿನ ಕೆಳಗೆ ಕನ್ನಡದ ವಿದ್ವತ್ತಂತೂ ಇಲ್ಲವೇ ಇಲ್ಲ. ನೂರು ವರ್ಷ ದಾಟಿದ 'ಪ್ರಬುದ್ಧ ಕರ್ಣಾಟಕ' ಪತ್ರಿಕೆಯ ಹಳೆಯ ಸಂಚಿಕೆಯ ಒಂದು ಲೇಖನ ಬೇಕಾದವರು ಇಂದಿಗೂ ಹೆಚ್ಚಾಗಿ ಗ್ರಂಥಾಲಯದಲ್ಲಿ ಕುಳಿತು ಪುಟ ತಿರುವಬೇಕಾಗುತ್ತದೆ. 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಬಳಗದಂಥವರು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸಿದ ಕನ್ನಡ ಪುಸ್ತಕಗಳಷ್ಟೇ ಮನೆಯಿಂದಲೇ ಸಿಗುವ ಆಸರೆ. ಆರು ಸಾವಿರ ಕೋಟಿಯ ಒಂದು ತುಣುಕು ಇತ್ತ ಬಿದ್ದಿದ್ದರೆ ನಾಡಿನ ನೂರು ವರ್ಷದ ಪತ್ರಿಕೆಗಳೆಲ್ಲ ಹುಡುಕಿದೊಡನೆ ಸಿಗುತ್ತಿದ್ದವು. ಆದರೆ ಕನ್ನಡದ ಪತ್ರಿಕೆಗೆ ಶೇರುದಾರರಿಲ್ಲವಲ್ಲ.

ದಾರಿ ಕಾಣದವರು ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಕಟ್ಟಿದ ಸೈ-ಹಬ್ ಎಂಬ ಕದ್ದುಕೊಡುವ ಕಣಜವನ್ನು ಆಶ್ರಯಿಸಿದ್ದರು. ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ 2020ರಲ್ಲಿ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಅದನ್ನು ದೇಶದೊಳಗೆ ತಡೆಯಲು ಆದೇಶಿಸಿತು. ಇತ್ತ ಸರ್ಕಾರದ ಚಂದಾದಿಂದ ಹೊರಗಿಟ್ಟದ್ದೂ ಆಯಿತು, ಅತ್ತ ಹಿತ್ತಿಲ ಬಾಗಿಲು ಮುಚ್ಚಿದ್ದೂ ಆಯಿತು.

ಬೇರೆ ದಾರಿಯಿರಲಿಲ್ಲವೆಂಬ ಸಬೂಬು ಬೆಂಗಳೂರಿನಲ್ಲಿ ನಡೆಯದು. ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳನ್ನು ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆ ತನ್ನವರ ಪ್ರಬಂಧಗಳಿಗೆ 2002ರಲ್ಲೇ ಮುಕ್ತ ಭಂಡಾರ ತೆರೆಯಿತು. ಸರ್ಕಾರದ ಹಣದಿಂದ ಹುಟ್ಟಿದ ಪ್ರಬಂಧದ ಪ್ರತಿಯನ್ನು ಇಂಥ ಭಂಡಾರದಲ್ಲಿ ಇಡಲೇಬೇಕೆಂದು ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆಗಳು 2014ರಲ್ಲಿಯೇ ನೀತಿ ಹೊರಡಿಸಿವೆ. ಆ ನೀತಿಯನ್ನು ಮುರಿದವರಲ್ಲಿ ಎಷ್ಟು ಜನರ ಅನುದಾನವನ್ನು ತಡೆಹಿಡಿಯಲಾಯಿತೆಂಬ ಲೆಕ್ಕವನ್ನು, ಮುಂದಿನ ಸಾವಿರಾರು ಕೋಟಿಯ ಚೌಕಾಸಿಗೆ ಸರ್ಕಾರ ಕೂರುವ ಮೊದಲು, ಈ ಇಲಾಖೆಗಳು ಜನರ ಮುಂದಿಡಲಿ.