ಓದೋ ಪುಸ್ತಕ ಬೇರೆ, ಆಡೋ ಪುಸ್ತಕ ಬೇರೆ

ಇಲ್ಲಿ ಬರೆದು ಬಹಳ ದಿನ ಆಯ್ತು. ಆಫೀಸು, ರಿಲೀಸು, ಅದೂ ಇದೂ... ಇರ್ಲಿ ಬಿಡಿ, ನೆಪ ಸಾಕು. ಈಗ ಬರೆಯೋಕೆ ಕಾರಣ ಮೊನ್ನೆ ಶನಿವಾರ ನನಗಾದ ಒಂದು ಸಣ್ಣ ಮುಖಭಂಗ :-)

ಬೆಂಗಳೂರಲ್ಲಿ ನಾವು ಐದು ಜನ ಗೆಳೆಯರು ತಿಂಗಳಿಗೊಮ್ಮೆ ಸೇರಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡ್ತೀವಿ. ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಆಟ ಇದು. ಒಬ್ಬ ಕತೆ ನಡೆಸ್ತಾನೆ, ಅವನು ಡಂಜನ್ ಮಾಸ್ಟರ್. ಉಳಿದವರು ಒಂದೊಂದು ಪಾತ್ರ ಹಿಡೀತಾರೆ, ಗೆದ್ದರೋ ಸೋತರೋ ಅನ್ನೋದನ್ನ ದಾಳ ಹೇಳುತ್ತೆ. ಕತೆಯ ಹಂದರ ಅಚ್ಚಾದ ಪುಸ್ತಕದಲ್ಲಿ ಸಿಗುತ್ತೆ, ಅದಕ್ಕೆ 'ಅಡ್ವೆಂಚರ್' ಅಂತಾರೆ. ಈ ಸಲ ನಾನು ಮಾಸ್ಟರ್. ಎಲ್ಲರೂ ಹೊಗಳಿದ್ದ ಒಂದು ಪುಸ್ತಕ ತಂದು ಎರಡು ವಾರ ಓದಿದೆ. ಏನ್ ಕತೆ, ಏನ್ ವರ್ಣನೆ! ಆಡೋಕೆ ಕೂತ್ರೆ ಅರ್ಧ ಗಂಟೆಗೆ ಎಲ್ಲರ ಕೈಲೂ ಮೊಬೈಲು. ಯಾಕಂದ್ರೆ ಅವರಿಗೆ ಮಾಡೋಕೆ ಕೆಲಸವೇ ಇರಲಿಲ್ಲ. ನಾನು ಓದ್ತಿದ್ದೆ, ಅವರು ಕೇಳ್ತಿದ್ದರು. ಆರನೇ ಪುಟದಲ್ಲಿ ಬೇಕಾದ ಗುಟ್ಟು ನಲವತ್ತನೇ ಪುಟದಲ್ಲಿತ್ತು.

ಅವತ್ತು ರಾತ್ರಿ ನೆನಪಾದದ್ದು ನಮ್ಮೂರ ಪೇಟಿ ಮಾಸ್ತರು.

ನಮ್ಮೂರು ಕೂಡ್ಲಿಗಿ-ಕೊಟ್ಟೂರು ನಡುವೆ ಒಂದು ಹಳ್ಳಿ. ನಮ್ಮ ಕಡೆ ಜಾತ್ರೆ ಅಂದ್ರೆ ನಾಟಕ ಇರಲೇಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿ ಹೋದರೂ ಗೋಡೆ ಮೇಲೆ ಒಂದು ಪೋಸ್ಟರ್, ಅದರಲ್ಲಿ "ಅರ್ಥಾತ್" ಹಾಕಿ ಎರಡೆರಡು ಹೆಸರಿರೋ ಸಾಮಾಜಿಕ ನಾಟಕ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಐದೂ ಊರು ಹೊಸ ವಿಜಯನಗರ ಜಿಲ್ಲೆ ಸೇರಿದವು. ಜಿಲ್ಲೆ ಬದಲಾದರೂ ಪೋಸ್ಟರ್ ಬದಲಾಗಲಿಲ್ಲ :-)

ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗ ಊರ ಹುಡುಗರು, "ನೀ ಓದಿದಾಂವ, ಈ ಸಲ ನಾಟಕ ನೀನಾ ಆರಿಸು" ಅಂದ್ರು. ಹತ್ತು-ಹನ್ನೆರಡು ಪುಸ್ತಕ ತಂದು ಎಲ್ಲಾ ಓದಿದೆ. ಮುಕ್ಕಾಲು ಪಾಲು ಒಂದೇ ಥರ: ಕೆಟ್ಟ ಗೌಡ, ಒಳ್ಳೇ ತಮ್ಮ, ಕಣ್ಣೀರಿಡೋ ಅತ್ತಿಗೆ, ಸಂಬಂಧವೇ ಇಲ್ಲದ ಹಾಸ್ಯ. ಒಂದು ಮಾತ್ರ ಬೇರೆ ಇತ್ತು. ಭಾಷೆ ಚೆಂದ, ನಾಯಕನಿಗೆ ನಾಲ್ಕು ಪುಟದ ಒಂದು ಮಾತು, ಹಾಸ್ಯ ಕಡಿಮೆ. ಅದನ್ನೇ ಆರಿಸಿದೆ. ಮಾಸ್ತರು ಪುಸ್ತಕ ತಿರುವಿ ಹಾಕಿ, "ತಮ್ಮಾ, ಓದಾಕ ಚಲೋ ಐತಿ" ಅಂದ್ರು ಅಷ್ಟೇ. ಅದನ್ನ ಹೊಗಳಿಕೆ ಅಂದ್ಕೊಂಡೆ!

ನಾಟಕ ಬಿತ್ತು. ರಾತ್ರಿ ಎರಡಕ್ಕೆ ಮುಂದಿನ ಸಾಲಿನ ಹೆಣ್ಣುಮಕ್ಕಳು ಚಾಪೆ ಸುತ್ತಿಕೊಂಡು ಎದ್ದರು. ಮಾರನೇ ದಿನ ಮಾಸ್ತರ ಮನೆಗೆ ಹೋಗಿ "ಯಾಕ್ರೀ ಮಾಸ್ತರ್ರೇ, ಎಲ್ಲಿ ತಪ್ಪಾತು?" ಅಂತ ಕೇಳ್ದೆ. ಅವರು ಪುಸ್ತಕ ಇಸಕೊಂಡು ಒಂದೊಂದೇ ತೋರಿಸಿದರು.

ಒಂದು, ಹಾಸ್ಯದ ದೃಶ್ಯ. ಓದುವಾಗ ನನಗೆ ದಂಡ ಅನಿಸಿದ್ದು ಅದೇ. ಆದರೆ ಈ ನಾಟಕಗಳಲ್ಲಿ ಹಾಸ್ಯ ನಡೆಯೋದು ಮುಂದಿನ ರಸ್ತೆ ಪರದೆಯ ಎದುರಿಗೆ. ಆಗ ಪರದೆ ಹಿಂದೆ ಗೌಡನ ಮನೆ ಹೋಗಿ ಕಾಡು ಬರ್ತಿರುತ್ತೆ, ನಟಿ ಸೀರೆ ಬದಲಿಸ್ತಿರ್ತಾಳೆ. ನಾನು ಆರಿಸಿದ ಪುಸ್ತಕದಲ್ಲಿ ಮನೆ, ಕಾಡು, ಕೋರ್ಟು ಒಂದರ ಹಿಂದೊಂದು. ಪ್ರತಿ ಸಲ ಹತ್ತು ನಿಮಿಷ ಬರೀ ಪೇಟಿ ಬಾರಿಸಬೇಕಾಯ್ತು. "ನೀ ಹಾಸ್ಯ ಓದೀಯಪ, ಅದರ ಹಿಂದ ಏನ್ ನಡಿತೈತಿ ಅಂಬೋದನ್ನ ಓದಿಲ್ಲ" ಅಂದ್ರು.

ಎರಡು, ಪಾತ್ರದ ಹಂಚಿಕೆ. ನಮ್ಮ ಕಡೆ ನಾಟಕ ಆಡೋರು ಸಂಬಳ ತಗೊಳ್ಳಲ್ಲ, ತಾವೇ ದುಡ್ಡು ಹಾಕ್ತಾರೆ, ಪಾತ್ರಕ್ಕಿಷ್ಟು ಅಂತ. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಗುಡಿ ಕಟ್ಟೇಲಿ ತಾಲೀಮು ಮಾಡ್ತಾರೆ. ನನ್ನ ಪುಸ್ತಕದಲ್ಲಿ ಮಾತೆಲ್ಲ ನಾಯಕನದು, ಉಳಿದ ಐದು ಜನ ದುಡ್ಡು ಕೊಟ್ಟು ಕಂಬದ ಹಾಗೆ ನಿಂತರು.

ಮೂರು, ನಟಿಯರು. ಅವರು ವೃತ್ತಿಯವರು. ಹಗರಿಬೊಮ್ಮನಹಳ್ಳಿ ಹತ್ತಿರದ ಮರಿಯಮ್ಮನಹಳ್ಳಿ ಇಂಥ ಕಲಾವಿದೆಯರಿಗೇ ಹೆಸರಾದ ಊರು. ಸೀಸನ್ನಿನಲ್ಲಿ ಇವತ್ತೊಂದು ಊರು, ನಾಳೆ ಇನ್ನೊಂದು. ತಾಲೀಮಿಗೆ ಸಿಗೋದು ಕೊನೇಗೆ ಒಂದೆರಡು ದಿನ. ಅಷ್ಟರಲ್ಲಿ ಹಿಡಿತಕ್ಕೆ ಸಿಗೋ ಹಾಗೆ ಪಾತ್ರ ಬರೆದಿರಬೇಕು. ಹೆಣ್ಣು ಪಾತ್ರ ಒಂದು ಹೆಚ್ಚಾದರೆ ಖರ್ಚೂ ಅಷ್ಟು ಹೆಚ್ಚು.

ಇದಿಷ್ಟರಲ್ಲಿ ಒಂದೂ ನನಗೆ ಓದುವಾಗ ಕಂಡಿರಲಿಲ್ಲ. ನನ್ನ ವಾದ ಇಷ್ಟೇ ಸ್ವಾಮಿ: ಆಡೋಕೆ ಅಂತ ಬರೆದ ಪುಸ್ತಕವನ್ನ ಕುರ್ಚೀಲಿ ಕೂತು ಓದಿ ಅಂಕ ಕೊಡಬಾರದು. ಪ್ರೋಗ್ರಾಮನ್ನ ರನ್ ಮಾಡದೆ, ಇಂಡೆಂಟೇಶನ್ ಚೆನ್ನಾಗಿದೆ ಅಂತ ಪಾಸ್ ಮಾಡಿದ ಹಾಗಾಗುತ್ತೆ.

ಉದಾಹರಣೆಗೆ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ತಗೊಳ್ಳಿ. ಮನಸ್ಸಲ್ಲೇ ಓದಿದರೆ ಸಂಸ್ಕೃತ ಪದಗಳ ಸಾಲು, ಪ್ರಾಸದ ಮೇಲೆ ಪ್ರಾಸ, ಸುಸ್ತಾಗುತ್ತೆ. ಅದನ್ನೇ ಜೋರಾಗಿ ಹೇಳಿ ನೋಡಿ! ಎಲ್ಲಿ ಉಸಿರು ಎಳೀಬೇಕು, ಎಲ್ಲಿ ಹೊಡೀಬೇಕು ಅನ್ನೋದನ್ನ ಆ ಪ್ರಾಸವೇ ಹೇಳಿಕೊಡುತ್ತೆ. ಶಾಲೆ ಅರ್ಧಕ್ಕೆ ಬಿಟ್ಟವನ ಬಾಯಲ್ಲೂ ಅದು ನಿಲ್ಲೋದು ಇದಕ್ಕೇ. ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ಅದರ ದ್ರೌಪದಿಯಾಗಿ ಹೆಸರು ಮಾಡಿದರು. 2020ರಲ್ಲಿ ಅವರು ತೀರಿಕೊಂಡಾಗಲೂ ನಮ್ಮ ಕಡೆಯವರು ಮೊದಲು ನೆನೆದದ್ದು ಆ ದ್ರೌಪದಿಯನ್ನೇ.

ಆ ಕಡೆಯದೂ ಒಂದು ನೋಡಿ. ಗ್ಯಾರಿ ಗೈಗ್ಯಾಕ್ಸ್ 1979ರಲ್ಲಿ ಬರೆದ 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್'. ಗಡಿಯಲ್ಲೊಂದು ಕೋಟೆ, ಹತ್ತಿರದಲ್ಲಿ ರಾಕ್ಷಸರ ಗವಿಗಳು, ಕತೆ ಅಷ್ಟೇ. ಕೋಟೆಯ ಜನಕ್ಕೆ ಹೆಸರು ಕೂಡ ಇಟ್ಟಿಲ್ಲ. ಓದಿದರೆ ಸಪ್ಪೆ. ಆದರೆ ಆ ಖಾಲಿ ಜಾಗವನ್ನ ಆಡೋರು ತುಂಬಿಕೊಳ್ತಾರೆ. ನಮ್ಮ ಹಾಸ್ಯ ಪಾತ್ರದವನು ಊರ ಚೇರ್ಮನ್ನನ್ನ, ಕೆಟ್ಟ ರೋಡನ್ನ ನಾಟಕದೊಳಗೆ ಎಳೆದು ತರಲ್ವೇ, ಹಾಗೆ.

"ಹಾಗಾದ್ರೆ ಶಿಳ್ಳೆ ಬಿದ್ದಿದ್ದೆಲ್ಲ ಒಳ್ಳೇ ನಾಟಕವೇ? ದ್ವಂದ್ವಾರ್ಥದ ಮಾತಿಗೂ ಶಿಳ್ಳೆ ಬೀಳುತ್ತಲ್ಲ" ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಒಳ್ಳೇ ನಟ ಸಿಕ್ಕರೆ ಕೆಟ್ಟ ಪುಸ್ತಕವೂ ಒಂದು ರಾತ್ರಿ ನಿಲ್ಲುತ್ತೆ. ಅದು ನಟನ ಗೆಲುವು. ಚತುರ ಡಂಜನ್ ಮಾಸ್ಟರ್ ಇದ್ದರೂ ಅಷ್ಟೇ. ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ಕಟ್ಟಿದ ರಂಗಭಾರತಿಯಂಥ ತಂಡ, ನುರಿತ ನಿರ್ದೇಶಕ ಇದ್ದರೆ ಬೇರೆ ಥರದ ಪುಸ್ತಕವನ್ನೂ ಎತ್ತಿ ನಿಲ್ಲಿಸಬಹುದು. ಪುಸ್ತಕದ ಗುಣ ಗೊತ್ತಾಗೋದು ಎರಡನೇ ಊರಲ್ಲಿ. ಹರಪನಹಳ್ಳಿ ಕಡೆ ಒಂದು ಗುಂಪು ಆಡಿ, ಹಡಗಲಿ ಕಡೆ ಇನ್ನೊಂದು ಗುಂಪು ಆಡಿ, ಎರಡೂ ಕಡೆ ಬೆಳಗಿನ ಜಾವದವರೆಗೆ ಜನ ಕೂತರೆ, ಆಗ ಆ ಗುಣ ಪುಸ್ತಕದ್ದು. ದ್ವಂದ್ವಾರ್ಥ ತೆಗೆದುಹಾಕಿದರೆ ನಾಟಕವೇ ಉಳಿಯಲ್ಲ ಅಂದ್ರೆ, ಅಲ್ಲಿ ನಾಟಕ ಇರಲೇ ಇಲ್ಲ.

ನನಗೆ ಬೆಂಗಳೂರಲ್ಲಿ ಹೋದದ್ದು ಒಂದು ಸಂಜೆ, ಅಷ್ಟೇ. ಊರಲ್ಲಿ ಹೋದದ್ದು ಹಾಗಲ್ಲ. ಅವತ್ತು ಸಣ್ಣ ಪಾತ್ರ ಮಾಡಿದ ಹುಡುಗನೊಬ್ಬ ಕೂಲಿ ದುಡ್ಡು ಕೂಡಿಸಿ ತನ್ನ ಪಾಲು ಕೊಟ್ಟಿದ್ದ. ಅವರವ್ವ ಮುಂದಿನ ಸಾಲಲ್ಲಿ ಕೂತಿದ್ದರು. ಅವನಿಗೆ ಇಡೀ ರಾತ್ರೀಲಿ ಮೂರು ಮಾತು. ಮತ್ತೆ ಅವನು ನಾಟಕಕ್ಕೆ ಸೇರಲೇ ಇಲ್ಲ. ಭಾಷೆ ಚೆಂದ ಐತಿ ಅಂತ ಅಂಕ ಕೊಟ್ಟವನು ನಾನು, ಬೆಲೆ ಕೊಟ್ಟವನು ಅವನು.

ಈಗ ಯಾವ ಪುಸ್ತಕ ಕೈಗೆ ಬಂದರೂ, ನಾಟಕದ್ದಿರಲಿ ಅಡ್ವೆಂಚರ್ ಇರಲಿ, ಮೊದಲು ಹುಡುಕೋದು ಅತಿ ಸಣ್ಣ ಪಾತ್ರವನ್ನ. ಅದಕ್ಕೆ ಮಾಡೋಕೆ ಏನಾದರೂ ಇದೆಯಾ? ಇದ್ದರೆ ಮುಂದಿನ ಪುಟ ತಿರುವ್ತೀನಿ.

ನಿಮ್ಮೂರಲ್ಲಿ ಓದೋಕೆ ಸಪ್ಪೆ, ಆಡಿದರೆ ಜಬರ್ದಸ್ತ್ ಅನ್ನೋ ನಾಟಕ ಯಾವುದಾದರೂ ಇದ್ದರೆ ಹೇಳಿ. ಮಾಸ್ತರಿಗೆ ತೋರಿಸ್ತೀನಿ. ಈ ಸಲ ಅವರು ಓಕೆ ಅಂದ ಮೇಲೇ ಆರಿಸೋದು :-)